ಎರಡು ಬಾಕ್ಸು, ಬಾವಾಕನ ಕಿವಿ

ಅಲ್ಲ, ಅಲ್ಲ, ಅಲ್ಲಿ ಅಲ್ಲ ಅಣ್ಣು! ಮರದ ಬಾಕ್ಸು ಎಡಕ್ಕೆ, ಫೈಬರಿನದ್ದು ಬಲಕ್ಕೆ... ಹಾಂ, ಹಾಗೆ. ಸಾಕು ಸಾಕು, ಇನ್ನು ನೂಕಬೇಡ. ಆ ಕಾಲಿನ ಮೇಲೆ ಭಾರ ಹಾಕಬೇಡ ಅಂತ ಡಾಕ್ಟರು ಹೇಳಿಲ್ಲವಾ? ಇಬ್ಬರೂ ಹಿಡಿಯುವ ಅಂದ್ರೆ ಕೇಳ್ಲಿಕ್ಕಿಲ್ಲ ನೀನು.

ಎಂತ?... ಊಟವಾ? ಆಯ್ತಲ್ಲ ಮಾರಾಯ, ಮನೆಯಿಂದ ಆಸ್ಯಮ್ಮ ಕಟ್ಟಿ ಕೊಟ್ಟ ಬುತ್ತಿ, ನಿನ್ನೆದುರೇ ತಿಂದದ್ದು... ಎಂತಕ್ಕೆ ಹಾಗೆ ನೋಡ್ತೀ? ಊಟ ಅಲ್ಲವಾ ಕೇಳಿದ್ದು?... ಓ, ಲೋಟ! ಅಗೋ, ಆ ಕಿಟಕಿಯಲ್ಲಿ ಉಂಟು. ಕುಡಿ, ಕುಡಿ. ಈ ಸೆಕೆಗೆ ಬಾಯಿ ಒಣಗದೆ ಇರ್ತದಾ? ರಿಷಭ್ ಇಷ್ಟು ದೊಡ್ಡ ಮದುವೆ ಹಾಲು ಕಟ್ಟಿಸಿದ್ದಾರೆ, ಮದುವೆಗೆ ಎಂಟು ದಿನ ಉಂಟು, ಇನ್ನೂ ಒಂದು ಫ್ಯಾನು ಹಾಕಿಸ್ಲಿಲ್ಲ. ವೇಣೂರಿನ ಈ ಮೇ ತಿಂಗಳ ಸೆಕೆಯಲ್ಲಿ ಸ್ವಂತ ತಂಗಿಯನ್ನೇ ಬೇಯಿಸಿ ಕಳಿಸ್ತಾರಾ ಅಂತ!

ನಗ್ಲಿಲ್ಲ ನೀನು. ಮೊದಲಾದರೆ ನಗ್ತಿದ್ದೆ.

ನೀನು ವಾಪಸು ಕೆಲಸಕ್ಕೆ ಬಂದು ಒಂದು ವಾರ ಆಯ್ತು, ನಿನ್ನ ಮುಖದಲ್ಲಿ ನಗು ಅಂತ ಕಾಣ್ಲಿಲ್ಲ ನನಗೆ. ಮಾತು ಕೂಡ ಹಾಗೇ. ಒಂದು ಮಾತಾಡ್ತೀ, ಮತ್ತೆ ನನ್ನ ಮುಖವನ್ನೇ ನೋಡ್ತೀ. ಹೀಗೆ... ಮೀಟರು ನೋಡಿದ ಹಾಗೆ. ಮುಳ್ಳು ಎಲ್ಲಿ ಏಳ್ತದೆ, ಎಲ್ಲಿ ಬೀಳ್ತದೆ ಅಂತ. ನನ್ನ ಮುಖದಲ್ಲಿ ಎಂತ ಉಂಟು ಅಣ್ಣು? ಇಪ್ಪತ್ತೆರಡು ವರ್ಷ ನೋಡಿದ ಮುಖವೇ ಅಲ್ಲವಾ?

ಸರಿ. ಕೆಲಸ ನೋಡುವ.

ಇದು ನೋಡು, ಇದು ಮರದ್ದು. ಮೂಡಬಿದಿರೆಯಲ್ಲಿ ಮಾಡಿಸಿದ್ದಂತೆ, ಒಳ್ಳೆ ಪ್ಲೈವುಡ್ಡು, ಒಳಗೆ ಹದಿನೈದು ಇಂಚಿನ ಎರಡು ಸ್ಪೀಕರು. ಎತ್ತಬೇಕಾದರೆ ನಾಲ್ಕು ಜನ ಬೇಕು. ಆದರೆ ಗಟ್ಟಿ. ಬಿದ್ದರೆ ನೆಲ ಒಡೆದೀತು, ಇದು ಒಡೆಯದು. ಮತ್ತೆ ಆಚೆಯದ್ದು ಫೈಬರು, ಕಂಪೆನಿದು, ಆಂಪ್ಲಿಫೈಯರು ಅದರ ಹೊಟ್ಟೆಯೊಳಗೇ ಉಂಟು. ಪ್ಲಗ್ಗು ಹಾಕು, ಬಾರಿಸು, ಅಷ್ಟೇ. ಎದುರು ನೀಲಿ ಲೈಟು ಬೇರೆ. ಮದುಮಗಳಿಗಿಂತ ಅದಕ್ಕೇ ಶೃಂಗಾರ ಜಾಸ್ತಿ! ಮಂಗಳೂರಿನ ಅಂಗಡಿಯವ ಎರಡನ್ನೂ ನೋಡ್ಲಿಕ್ಕೆ ಅಂತ ಕಳಿಸಿದ್ದಾನೆ. ಒಂದು ಇಲ್ಲಿ ಉಳಿಯಬೇಕು, ಒಂದು ನಾಳೆ ವಾಪಸು ಹೋಗಬೇಕು. ಯಾವುದು ಉಳಿಯುವುದು ಅಂತ ಹೇಳಬೇಕಾದವ ನಾನು.

ಬೆಳಿಗ್ಗೆ ರಿಷಭ್ ಹೇಳಿದ್ದು ನೀನೂ ಕೇಳಿದ್ದೀಯಲ್ಲ. ನನಗೆಂತ ಗೊತ್ತು ಬಾವಾಕ, ನಿಮ್ಮ ಕಿವಿ ಯಾವುದು ಹೇಳ್ತದೋ ಅದು ನಮ್ಮದು ಅಂದ್ರು. ಆಗಲೇ ಬಾರಿಸಿ ನೋಡುವ ಅಂತಿದ್ರು. ನಾನು ಬೇಡ ಅಂದೆ. ಆ ಟೈಲ್ಸು ಕೊಯ್ಯುವ ಮೆಷಿನು ಕಿರುಚ್ತಾ ಇತ್ತಲ್ಲ... ಎಂತ? ಇರಲಿಲ್ಲವಾ? ಟೈಲ್ಸಿನವರು ಇವತ್ತು ಬರಲೇ ಇಲ್ಲವಾ? ಹೌದಾ... ಹಾಗಾದರೆ ಎಂತದ್ದೋ ಒಂದು ಗುಂಯ್ ಅಂತಿತ್ತಪ್ಪ. ಹೊರಗೆ ರಸ್ತೆಯಲ್ಲಿ ಇರಬೇಕು. ಬಸ್ಸು ಇರಬೇಕು.

ಕಿವಿ ಅಂದ್ರೆ ಎಂತ ಕಿವಿ ಇತ್ತು ಮಾರಾಯ ನನಗೆ! ಭರತರಾಜ ಧಣಿಗಳು, ಈ ರಿಷಭನ ತಂದೆ, ಅವರಿಗೆ ಗೊತ್ತುಂಟು. ಬೆಳ್ತಂಗಡಿಯಲ್ಲಿ ಯಕ್ಷಗಾನದ ಆಟ ನಡೀತಿತ್ತು ಒಮ್ಮೆ, ನಾನು ಹಿಂದೆ ಗಾಡಿಯ ಹತ್ತಿರ ಚಾ ಕುಡೀತಿದ್ದೆ. ಚೆಂಡೆ ಬಿತ್ತು ನೋಡು, ಲೋಟ ಕೆಳಗಿಟ್ಟು ಓಡಿದೆ. ಬಲಗಡೆಯ ಎರಡನೇ ಬಾಕ್ಸಿನಲ್ಲಿ ಸ್ಪೀಕರಿನ ಕಾಗದ ಹರಿದಿದೆ ಅಂದೆ. ಬಿಚ್ಚಿ ನೋಡಿದರೆ ಉಗುರಿನಷ್ಟು ಹರಿದಿತ್ತು! ಉಗುರಿನಷ್ಟು! ಧಣಿಗಳು ಬೆನ್ನು ತಟ್ಟಿದರು. ಆವತ್ತಿಂದ ಅವರ ಮನೆಯ ಮದುವೆ ಮುಂಜಿ ಯಾವುದಕ್ಕೂ ಬೇರೆಯವರ ಮೈಕ್ ಕಾಲಿಡ್ಲಿಲ್ಲ. ಈಗ ಈ ಹಾಲಿಗೂ ನನ್ನನ್ನೇ ಇಟ್ಟುಕೊಳ್ತಾರಂತೆ. ಕಾಯಂ. ಇಲ್ಲಿ ನಡೆಯುವ ಎಲ್ಲ ಪ್ರೋಗ್ರಾಮೂ ನನ್ನದೇ... ನಮ್ಮದೇ. ನಿನ್ನದೂ ಉಂಟು ಅದರಲ್ಲಿ. ನಿನ್ನನ್ನು ಬಿಟ್ಟು ನಾನೊಬ್ಬ ಮಾಡ್ಲಿಕ್ಕುಂಟಾ? ಇನ್ನು ಗದ್ದೆಗೆ ಹೋಗುವುದು ಬೇಡ, ಕಂಬ ಹತ್ತುವುದು ಬೇಡ. ನೆರಳಿನ ಕೆಲಸ.

ಯಾವ ಬಾಕ್ಸು ಅಂತ ಇವತ್ತು ಸರಿಯಾಗಿ ಹೇಳಿದರೆ.

ಅಲ್ಲ ಅಣ್ಣು, ಒಂದು ಕೇಳ್ತೇನೆ. ನಿನಗೆ ಯಾವುದು ಆಗಬಹುದು ಅಂತ ಕಾಣ್ತದೆ? ಸುಮ್ಮನೆ ಕೇಳಿದ್ದು. ಪರೀಕ್ಷೆ ಅಂತ ತಿಳ್ಕೊ. ಇಪ್ಪತ್ತೆರಡು ವರ್ಷದಲ್ಲಿ ನಿನಗೆ ಎಷ್ಟು ಕಲಿಸಿದ್ದೇನೆ ಅಂತ ನನಗೂ ಗೊತ್ತಾಗ್ಬೇಡವಾ? ಮರದ್ದಾ, ಫೈಬರಾ? ಹೇಳು, ಹೇಳು, ನಾಚಿಕೆ ಬೇಡ... ಎಂತ? ಈ ಕಡೆ ತಿರುಗಿ ಹೇಳು, ಬೆಳಕಿಗೆ ಬಾ... "ಕಿವಿ ನಿಮ್ಮದು, ನೀವೇ ಹೇಳಿ" ಅಂತಲಾ?

ಹ್ಞೂ. ಅದೂ ಸರಿ. ಕಿವಿ ನನ್ನದೇ.

ಎಂತ? ಕಿಸೆಯಾ? ನನ್ನ ಕಿಸೆಗೆ ಎಂತ ಆಗಿದೆ?... ಓ ಫೋನು! ಹೊಡೀತಾ ಉಂಟಾ? ಯಾರಪ್ಪ... ರಿಷಭ್. ತಗೊ, ನೀನೇ ಮಾತಾಡು. ನನ್ನ ಕೈಯೆಲ್ಲ ಧೂಳು. ತಗೋ ಮಾರಾಯ, ಕಟ್ಟಾಗ್ತದೆ!...

ಎಂತ ಹೇಳಿದರು? ನಾಲ್ಕು ಗಂಟೆಗೆ ಅಂತ ಇತ್ತಲ್ಲ. ಎಂತ?... ಬೆರಳಲ್ಲಿ ತೋರಿಸು. ಮೂರು... ಮೂರೂವರೆ? ಮೂರೂವರೆಗೇ ಬರ್ತಾರಾ? ಈಗಲೇ ಮೂರೂ ಹತ್ತಲ್ಲ! ತಂದೆಯೂ ಬರ್ತಾರಾ? ಧಣಿಗಳೂ? ಎಂತಕ್ಕೆ? ಅವರು ಮನೆಯಿಂದ ಹೊರಗೆ ಬರುವುದೇ ಇಲ್ಲವಲ್ಲ ಈಗೀಗ... ಬಾವಾಕನ ಕಿವಿ ನೋಡ್ಲಿಕ್ಕೆ ಅಂತ? ಹಾಗೇ ಹೇಳಿದರಾ?

ಹೆದರಿಕೆಯಾ? ನನಗೆಂತ ಹೆದರಿಕೆ! ಎಪ್ಪತ್ನಾಲ್ಕರ ನೆರೆಯಲ್ಲಿ ಬಂಟ್ವಾಳ ಪೇಟೆಯಲ್ಲಿ ಎದೆಮಟ್ಟ ನೀರು, ತಲೆಯ ಮೇಲೆ ಆಂಪ್ಲಿಫೈಯರು ಹೊತ್ತು ದಾಟಿದವ ನಾನು. ಹೆದರಿಕೆಯಂತೆ.

ಒಂದು ಕೆಲಸ ಮಾಡು ಅಣ್ಣು. ಅವರು ಬಂದಾಗ ನೀನು ನನ್ನ ಹತ್ತಿರವೇ ನಿಂತುಕೊ. ಅವರು ಎಂತ ಕೇಳಿದರೂ ನೀನು ಒಮ್ಮೆ ನನಗೆ ತಿರುಗಿಸಿ ಹೇಳು. ನನ್ನ ಎದುರು ನಿಂತು, ಮೆಲ್ಲ, ಬಿಡಿಸಿ ಬಿಡಿಸಿ. ಯಾಕೆ ಅಂದ್ರೆ... ನನಗೆ ನೆಗಡಿ. ನಿನ್ನೆಯಿಂದ ಮೂಗು ಕಟ್ಟಿಕೊಂಡು, ಕಿವಿಯೂ ಒಂಥರಾ. ಮತ್ತೆ ಬೆಳಿಗ್ಗೆ ಮೀಯುವಾಗ ನೀರೂ ಹೋಗಿದೆ ಒಳಗೆ. ಒಂದು ವಾರದಲ್ಲಿ ಸರಿಯಾಗ್ತದೆ.

ಯಾಕೆ ನಗ್ತೀ? ಬೆಳಿಗ್ಗೆಯಿಂದ ನಗದವ ಈಗ ನಗ್ತೀ! ಕಳೆದ ವಾರವೂ ನೆಗಡಿ ಅಂತಲೇ ಹೇಳಿದ್ದೆನಾ? ಇದು ಅದೇ ನೆಗಡಿ. ಹೋಗ್ಲಿಲ್ಲ ಅದು.

ಹೋಗ್ಲಿ, ಆ ವಯರು ಸರಿಯಾಗಿ ಸಿಕ್ಕಿಸು. ಮೊದಲು ಬೋರ್ಡಿನ ಸ್ವಿಚ್ಚು ಆಫ್ ಉಂಟಾ ನೋಡ್ಕೊ... ನೋಡಿದ್ದೀಯಾ? ಇನ್ನೊಮ್ಮೆ ನೋಡು. ನಾನು ಬೋರ್ಡಿನ ಹತ್ತಿರ ಬರುವುದಿಲ್ಲ. ನೋಡು, ನಾನು ಇಷ್ಟು ದೂರ ಇದ್ದೇನೆ. ನೀನೇ ಹಾಕು, ನೀನೇ ತೆಗಿ...

ಎಂತ? ಆ ದಿನವಾ? ಆ ದಿನದ್ದು ಎಂತಕ್ಕೆ ಈಗ?

ಅಣ್ಣು, ಅದನ್ನು ಎಷ್ಟು ಸಲ ಮಾತಾಡಿದ್ದೇವೆ. ಆಸ್ಪತ್ರೆಯಲ್ಲಿ ದಿನಾ ನಿನ್ನ ಮಂಚದ ಹತ್ತಿರ ಕೂತಿರ್ಲಿಲ್ಲವಾ ನಾನು? ಕಬಡ್ಡಿ ಗದ್ದೆ. ಸಂಜೆ ಐದು ಗಂಟೆ. ನೀನು ಕಂಬದ ಮೇಲೆ, ಮೈಕಿನ ಹಾರ್ನ್ ಕಟ್ಟಿ ಆಗಿತ್ತು, ಲೈಟಿನ ವಯರು ಜೋಡಿಸ್ತಾ ಇದ್ದೆ. ನಾನು ಕೆಳಗೆ, ಬೋರ್ಡಿನ ಹತ್ತಿರ. ಇಪ್ಪತ್ತು ಹೆಜ್ಜೆ ದೂರ... ಮೂವತ್ತು ಅಂತ ಇಡು. ನೀನು ಕೈ ಎತ್ತಿದೆ. ಆಯ್ತು, ಹಾಕಿ ಅಂತ ಹೇಳಿದ್ದು ಅಂತ ನಾನು ತಿಳ್ಕೊಂಡೆ. ಹಾಕಿದೆ. ಅಷ್ಟೇ ಅಲ್ಲವಾ ಆದದ್ದು? "ಹಾಕ್ಬೇಡಿ" ಅಂತ ಕೂಗಿದೆ ಅಂತ ನೀನು ಹೇಳ್ತೀ. ನನಗೆ ಕೇಳ್ಲಿಲ್ಲ ಅಂತ ನಾನು ಹೇಳ್ತೇನೆ. ಇಬ್ಬರಲ್ಲಿ ಒಬ್ಬ ಸುಳ್ಳ ಆಗ್ಬೇಕು ಅಂತ ಉಂಟಾ? ನೀನು ಕೂಗಿದ್ದು ಬಾಯಿಯೊಳಗೇ ಇರಬಹುದು. ಎತ್ತರದಲ್ಲಿ ಇರುವಾಗ ಹಾಗೆ ಆಗ್ತದೆ. ಮತ್ತೆ ಜನರೇಟರು ಬೇರೆ ಕೂಗ್ತಾ ಇತ್ತು...

ಎಂತ? ಲೈನಿನ ಕರೆಂಟಾ? ಜನರೇಟರು ಸ್ಟಾರ್ಟೇ ಮಾಡಿರ್ಲಿಲ್ಲವಾ?

...ಮಾಡಿರ್ಲಿಲ್ಲವಾ.

ಆರು ತಿಂಗಳಾಯ್ತು, ನನಗೆ ಸರಿಯಾಗಿ ನೆನಪಿಲ್ಲ ಮಾರಾಯ.

ಆ ಎರಡು ಬೆರಳು ಈಗ ಮಡಚ್ಲಿಕ್ಕೆ ಬರ್ತದಾ? ತೋರಿಸು. ಇಲ್ಲವಾ... ಸ್ವಲ್ಪವೂ? ಬರ್ತದೆ, ಬರ್ತದೆ. ಎಣ್ಣೆ ಹಾಕಿ ತಿಕ್ಕಬೇಕು.

ಹೌದು, ಆ ಮಾತು. ಕುಡಿದಿದ್ದ ಅಂತ ಹೇಳಿದ ಮಾತು. ಅದು ಮಾತ್ರ ಅನ್ಯಾಯ. ನೀನು ಕುಡಿಯುವುದಿಲ್ಲ ಅಂತ ನನಗೆ ಗೊತ್ತಿಲ್ಲವಾ? ನಿನ್ನ ಅಪ್ಪ ಕುಡಿದೇ ಸತ್ತ ಮೇಲೆ ನೀನು ಶೇಂದಿ ಅಂಗಡಿಯ ಎದುರು ಕೂಡ ಹೋಗುವುದಿಲ್ಲ, ಸುತ್ತು ಹಾಕಿ ಬರ್ತೀ, ನಾನೇ ನೋಡಿದ್ದೇನೆ. ಯಾರು ಹೇಳಿದ್ದೋ! ಆ ಕಬಡ್ಡಿ ಕಮಿಟಿಯ ತುಕ್ರಪ್ಪನೇ ಇರಬೇಕು. ಹೌದು, ಅವನೇ. ಕಮಿಟಿಯ ತಲೆಗೆ ಬರ್ತದಲ್ಲ ಅಂತ ನಿನ್ನ ತಲೆಗೆ ಕಟ್ಟಿದ. ಅದರಿಂದಲೇ ಮೂಡಬಿದಿರೆಯ ಸೌಂಡ್ಸಿನವರು ನಿನ್ನನ್ನು ಇಟ್ಟುಕೊಳ್ಳದ್ದು, ಬೆಳ್ತಂಗಡಿಯವರೂ ಬೇಡ ಅಂದದ್ದು. ಕುಡಿದು ಕಂಬ ಹತ್ತುವವ ನಮಗೆ ಬೇಡ ಅಂತ. ನಾನು ಕರೆದೆನಲ್ಲ! ಯಾರು ಎಂತ ಬೇಕಾದರೂ ಹೇಳ್ಲಿ, ನನ್ನ ಅಣ್ಣು ನನ್ನ ಹತ್ತಿರವೇ ಅಂತ...

ಇಲ್ಲ. ಬೇಡ. ಅದೆಲ್ಲ ಹೇಳಬೇಡ. ಉಪಕಾರ ಎಂತದ್ದು? ನಿನ್ನ ಹೆಂಡತಿ ಮೊನ್ನೆ ಆಸ್ಯಮ್ಮನ ಹತ್ತಿರ ಹೇಳಿದಳಂತೆ, ಬಾವಾಕ ನಮ್ಮ ಪಾಲಿಗೆ ದೇವರ ಹಾಗೆ ಅಂತ. ಹಾಗೆ ಹೇಳಬಾರದು ಅಂತ ಅವಳಿಗೆ ಹೇಳು. ದೇವರ ದಮ್ಮಯ್ಯ, ಹೇಳು ಅವಳಿಗೆ. ನನಗೆ ಆ ರಾತ್ರಿ ಅನ್ನ ಇಳೀಲಿಲ್ಲ.

ಗಂಟೆ ಎಷ್ಟಾಯ್ತು? ಮೂರೂ ಇಪ್ಪತ್ತು! ಸಿಡಿ ತೆಗಿ ಅಣ್ಣು, ಬೇಗ ಬೇಗ. ಕೊಳಲಿನದ್ದು ಉಂಟಲ್ಲ, ಅದೇ ಆಗ್ಬಹುದು. ಮೊದಲು ಮರದ್ದು ಬಾರಿಸು, ಒಂದು ಪದ್ಯ ಆದ ಮೇಲೆ ಫೈಬರಿನದ್ದು. ನಾನು ಕೊನೆಯ ಸಾಲಿಗೆ ಹೋಗಿ ಕೂತುಕೊಳ್ತೇನೆ. ಸ್ಟೇಜಿನ ಎದುರು ಕೂತು ಯಾರು ಬೇಕಾದರೂ ಹೇಳಿಯಾರು. ಕೊನೆಯ ಸಾಲಿನ ಅಜ್ಜಿಗೆ ಮಂತ್ರ ಕೇಳ್ತದಾ ಅಂತ ನೋಡುವವನೇ ಸೌಂಡಿನವ. ನಿಂತುಕೊ, ಹೋಗ್ತೇನೆ. ಅಬ್ಬ, ಎಷ್ಟು ಉದ್ದದ ಹಾಲಪ್ಪ ಇದು...

ಹಾಂ! ಕೂತೆ! ಬಾಗಿಲಿನ ಹತ್ತಿರವೇ ಕೂತಿದ್ದೇನೆ! ನಾನು ಕಣ್ಣು ಮುಚ್ಚಿಕೊಳ್ತೇನೆ. ಕಣ್ಣು ಬಿಟ್ಟರೆ ಆ ನೀಲಿ ಲೈಟು ಮೋಸ ಮಾಡ್ತದೆ. ಸರಿ, ಹಾಕು ಅಣ್ಣು! ಮರದ್ದು!

...

ಹ್ಞೂ... ಹ್ಞೂ. ಆಯ್ತು, ಶುರುವಾಯ್ತು. ಒಳ್ಳೆ ಉಂಟು. ಗಟ್ಟಿ ಸ್ವರ. ಕೆಳಗಿನ ಸ್ವರ ಉಂಟಲ್ಲ, ಅದು ಎದೆಗೆ ಬಂದು ಕೂತುಕೊಳ್ತದೆ. ಆದರೆ... ನೋಡು ಅಣ್ಣು, ಕೊಳಲು ಸ್ವಲ್ಪ ಮಂಕು. ಮರ ಅಲ್ಲವಾ, ನುಂಗ್ತದೆ ಅದು. ಗಂಡಸರ ಭಾಷಣಕ್ಕೆ ಆದೀತು, ಹೆಣ್ಣುಮಕ್ಕಳ ಹಾಡಿಗೆ ಸಾಲದು. ಸಾಕು ಇದು! ಇನ್ನು ಆಚೆಯದ್ದು ಹಾಕು! ಫೈಬರಿನದ್ದು!

...

ಹಾ! ಇದು! ಇದು ನೋಡು! ಎಂತ ಬಿಡಿಸಿ ಬರ್ತದೆ ಮಾರಾಯ! ಕೊಳಲಿನವ ಉಸಿರು ಎಳೆಯುವುದು ಸಮೇತ ಕೇಳ್ತದೆ. ಕೊನೆಯ ಸಾಲಿಗೆ ಹೀಗೆ ಬಂದರೆ ಮತ್ತೆಂತ ಬೇಕು? ಗೋಡೆಗೆ ಹೊಡೆದು ವಾಪಸು ಬರುವುದೂ ಇಲ್ಲ. ಇದೇ. ಇನ್ನು ಎರಡು ಮಾತಿಲ್ಲ. ರಿಷಭ್ ಬಂದ ಕೂಡಲೇ ಹೇಳಿಬಿಡುವ, ಫೈಬರಿನದ್ದು ಅಂತ. ಧಣಿಗಳಿಗೂ ಹೇಳುವ. ಬಾವಾಕನ ಕಿವಿ ಇನ್ನೂ ಹಾಗೇ ಉಂಟು ಅಂತ ಅವರಿಗೂ ಸಮಾಧಾನ ಆಗ್ಲಿ. ನೋಡು, ಸುಮ್ಮನೆ ಹೆದರಿದ್ದು ನಾನು! ಇಷ್ಟು ಸುಲಭದಲ್ಲಿ... ಸಾಕು ಅಣ್ಣು, ನಿಲ್ಲಿಸು. ಕಣ್ಣು ಬಿಡ್ತೇನೆ.

...

ಅಣ್ಣು?

ನಿನ್ನ ಕೈಯಲ್ಲಿ ಎಂತ ಅದು? ಹೊಳೆಯುವುದು...

ಸಿಡಿಯಾ?

ಆ ಎರಡು ಪ್ಲಗ್ಗು... ನೆಲದಲ್ಲಿ ಉಂಟಲ್ಲ. ಈಗ ತೆಗೆದದ್ದಾ? ನಿಲ್ಲಿಸು ಅಂದ ಕೂಡಲೇ ತೆಗೆದದ್ದಾ? ಅಷ್ಟು ಬೇಗ?

...ಹಾಕಿಯೇ ಇರ್ಲಿಲ್ಲವಾ?

ಮರದ್ದೂ? ಎರಡೂ?

ಹ್ಹೆ! ತಮಾಷೆ! ತಮಾಷೆ ಮಾಡಿದ್ದು ನೀನು! ನನಗೆ ಗೊತ್ತಿತ್ತು ಮಾರಾಯ, ನಾನೂ ತಮಾಷೆಗೇ... ನೋಡುವ, ಇವ ಎಲ್ಲಿಯವರೆಗೆ ಹೋಗ್ತಾನೆ ಅಂತ... ನಗು ಅಣ್ಣು! ನಗು ಒಮ್ಮೆ. ಎಂತಾದರೂ ಹೇಳು. ಹೇಳ್ತಾ ಇದ್ದೀಯಾ? ನಿನ್ನ ತುಟಿ ಅಲ್ಲಾಡುವುದಿಲ್ಲ. ಇಲ್ಲಿಂದ ನನಗೆ ಸರಿಯಾಗಿ ಕಾಣುವುದೂ ಇಲ್ಲ. ನೀನು ಸುಮ್ಮನೆ ನಿಂತದ್ದಾ, ಮಾತಾಡ್ತಾ ಇದ್ದೀಯಾ? ಯಾವುದು ಅಂತ ತಲೆಯಾದರೂ ಆಡಿಸು!

ಸುಮ್ಮನೆ ನಿಂತದ್ದು.

ಬಾ. ಕೆಳಗೆ ಇಳಿದು ಬಾ. ಮೆಟ್ಟಿಲು ಮೆಲ್ಲ ಇಳಿ, ಕಾಲು... ಇಲ್ಲಿ ನನ್ನ ಎದುರು ಕುರ್ಚಿ ತಿರುಗಿಸಿ ಕೂತುಕೊ. ಹತ್ತಿರ. ಮೆಲ್ಲಗೆ ಹೇಳ್ತೇನೆ. ಈ ಗೋಡೆಗೆ ಕೂಡ ಕೇಳಬಾರದು.

ಎರಡು ವರ್ಷ ಆಯ್ತು ಅಣ್ಣು. ಮೊದಲು ಹಕ್ಕಿಗಳು ಹೋದವು. ಬೆಳಿಗ್ಗೆ ಎದ್ದರೆ ಮನೆಯ ಹಿಂದೆ ಒಂದು ಹಕ್ಕಿಯೂ ಇಲ್ಲ. ಎಲ್ಲ ಎಲ್ಲಿ ಹೋದವು ಅಂತ ಆಸ್ಯಮ್ಮನಿಗೆ ಕೇಳಿದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಕುಕ್ಕರಿನ ಸೀಟಿ. ಆಮೇಲೆ ನಮ್ಮ ಮಗಳು ಫಾಯಿಝಾನ ಶಿಶು ಅಳುವುದು. ತೊಟ್ಟಿಲ ಹತ್ತಿರವೇ ಕೂತಿದ್ದೆ, ಪೇಪರು ಓದ್ತಾ. ಮಗು ಅತ್ತು ಅತ್ತು ನೀಲಿಯಾಗಿತ್ತು. ಫಾಯಿಝಾ ಬಾವಿಕಟ್ಟೆಯಿಂದ ಓಡಿ ಬಂದಳು, ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಪಳ್ಳಿಯಿಂದ ನಮಾಝಿಗೆ ಕರೆಯುವ ಬಾಂಗ್... ಆ ಮೈಕು ನಾನೇ ಹಾಕಿ ಕೊಟ್ಟದ್ದು, ನನ್ನ ಕೈಯಾರೆ ಹಾರ್ನು ಕಟ್ಟಿದ್ದು. ಈಗ ಗಡಿಯಾರ ನೋಡಿ ಹೋಗ್ತೇನೆ ನಮಾಝಿಗೆ. ಒಳಗೆ ಬರೀ ಒಂದು ಗುಂಯ್ ಉಂಟು, ಟ್ರಾನ್ಸ್‌ಫಾರ್ಮರಿನ ಹತ್ತಿರ ಮಲಗಿದ ಹಾಗೆ. ನಿಲ್ಲುವುದೇ ಇಲ್ಲ ಅದು. ನಿದ್ದೆಯಲ್ಲೂ.

ಮಂಗಳೂರಿನ ಕಿವಿ ಡಾಕ್ಟರು ಯಂತ್ರ ಹಾಕಿಕೊಳ್ಳಿ ಅಂದ್ರು. ನಾನು ಬೇಡ ಅಂದೆ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡವನ ಕೈಗೆ ಯಾರು ಮೈಕು ಕೊಡ್ತಾರೆ? ನೀನು ಕೊಡ್ತೀಯಾ? ಬೇರೆ ಎಂತ ಕೆಲಸ ಗೊತ್ತುಂಟು ನನಗೆ ಈ ಪ್ರಾಯದಲ್ಲಿ? ಮುಖ ನೋಡಿ, ತುಟಿ ನೋಡಿ, ಬಾಕ್ಸಿಗೆ ಕೈ ಇಟ್ಟು ನಡುಕ ನೋಡಿ... ಹಾಗೇ ದಿನ ದೂಡಿದೆ. ಯಾರಾದರೂ ಹಿಂದಿನಿಂದ ಬಂದು ಹೆಗಲು ಮುಟ್ಟಿದರೆ ಜೀವ ಹೋಗ್ತದೆ ಅಣ್ಣು. ಎಷ್ಟು ಸಲ ಕರೆದಿದ್ದರೋ ಏನೋ, ಇವನಿಗೆ ಕೇಳುವುದಿಲ್ಲ ಅಂತ ಇವತ್ತು ಗೊತ್ತಾಯ್ತೋ ಏನೋ ಅಂತ. ಒಂದೊಂದು ಮದುವೆಯೂ ಹಾಗೇ. ಒಂದೊಂದು ದಿನವೂ.

ನೀನು ಕೂಗಿದ್ದೆ.

ನನಗೆ ಗೊತ್ತುಂಟು. ನಿನ್ನ ಬಾಯಿ ಕಂಡಿತು ನನಗೆ. ಕೈ ಎತ್ತಿದ್ದು ಕಂಡಿತು, ಬಾಯಿ ಇಷ್ಟು ಅಗಲ ತೆರೆದದ್ದು ಕಂಡಿತು. ಹಾಕಿಯಾ, ಹಾಕ್ಬೇಡಿಯಾ ಅಂತ ನನಗೆ ಗೊತ್ತಾಗ್ಲಿಲ್ಲ. ಕೇಳಬಹುದಿತ್ತು. ಎಂತ ಹೇಳಿದೆ ಅಣ್ಣು, ಇನ್ನೊಮ್ಮೆ ಹೇಳು ಅಂತ ಒಂದು ಮಾತು. ಸುತ್ತ ಕಮಿಟಿಯ ಹುಡುಗರು ನಿಂತಿದ್ರು. ಇಷ್ಟು ಹತ್ತಿರದಿಂದ ಕೂಗಿದ್ದೂ ಈ ಮನುಷ್ಯನಿಗೆ ಕೇಳ್ಲಿಲ್ಲವಾ ಅಂತ ಅವರು ನೋಡಿಯಾರು ಅಂತ ನಾಚಿಕೆಯಾಯ್ತು. ಆ ನಾಚಿಕೆಗೆ ಸ್ವಿಚ್ಚು ಹಾಕಿದೆ.

ನೀನು ಬಿದ್ದ ಸದ್ದು ಕೂಡ ನನಗೆ ಕೇಳ್ಲಿಲ್ಲ. ಕಾಲಿನಡಿಯ ನೆಲ ಅದುರಿತು ಅಷ್ಟೇ.

ಎಂತಾದರೂ ಹೇಳು ಅಣ್ಣು. ಬೈ. ನಿನ್ನ ತುಟಿಯನ್ನೇ ನೋಡ್ತಾ ಇದ್ದೇನೆ ನಾನು. ಹೊಡಿ ಬೇಕಾದರೆ. ಎಂತ ನೋಡ್ತೀ ಹಾಗೆ? ಇನ್ನೂ ಉಂಟು ಅಂತಲಾ? ಇಷ್ಟೇ ಅಲ್ಲ ಅಂತ ನಿನಗೆ ಗೊತ್ತಾಯ್ತಾ? ಯಾವಾಗ ಗೊತ್ತಾಯ್ತು? ಯಾರು ಹೇಳಿದರು?

ಯಾರೂ ಹೇಳಿರ್ಲಿಕ್ಕಿಲ್ಲ. ನನ್ನ ಮುಖ ಹೇಳಿರಬೇಕು.

ತುಕ್ರಪ್ಪ ಅಲ್ಲ ಅಣ್ಣು. ಆ ಮನುಷ್ಯ ಪಾಪ, ಒಳ್ಳೆಯವ. ಮರುದಿನ ಕಮಿಟಿಯವರು ನನ್ನನ್ನು ಕೂರಿಸಿ ಕೇಳಿದರು. ಅಣ್ಣು ಕೂಗಿದ್ದು ನಮಗೆಲ್ಲ ಕೇಳಿದೆ, ನಿಮಗೆ ಯಾಕೆ ಕೇಳ್ಲಿಲ್ಲ ಬಾವಾಕ ಅಂತ ತುಕ್ರಪ್ಪನೇ ಕೇಳಿದ. ಎಲ್ಲರೂ ನನ್ನನ್ನೇ ನೋಡ್ತಾ ಇದ್ದರು. ಬಾಯಿಗೆ ಬಂತು. ಎಲ್ಲಿಂದ ಬಂತೋ, ಯಾವ ಸೈತಾನ ತಂದು ಇಟ್ಟನೋ. ಅವ ಕೂಗಿದ್ದು ಸರಿಯಾಗಿ ಇರ್ಲಿಲ್ಲ, ನಾಲಗೆ ತೊದಲ್ತಾ ಇತ್ತು, ಮಧ್ಯಾಹ್ನವೇ ವಾಸನೆ ಬರ್ತಿತ್ತು ಅಂದೆ.

ಕುಡಿದಿದ್ದ ಅಂತ ನಾನು ಹೇಳಿದ್ದು.

ನಾನೇ. ಇಪ್ಪತ್ತೆರಡು ವರ್ಷದಲ್ಲಿ ನಿನ್ನ ಬಾಯಿಂದ ಬೀಡಿಯ ವಾಸನೆ ಕೂಡ ಬರ್ಲಿಲ್ಲ. ನಿನ್ನ ಅಪ್ಪನ ಕಥೆ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ, ಅಪ್ಪನ ಮಗ ಅಂತ ಬೇಗ ನಂಬ್ತಾರೆ ಅಂತ. ನಂಬಿದರು. ಆಮೇಲೆ ಮೂಡಬಿದಿರೆಯವ ಫೋನು ಮಾಡಿಸಿ ಕೇಳಿದ, ಅಣ್ಣುವನ್ನು ಇಟ್ಟುಕೊಳ್ಳಬಹುದಾ ಅಂತ. ಆಗಲಾದರೂ... ಆಗಲೂ ನಾನು ಬಾಯಿ ಬಿಡ್ಲಿಲ್ಲ. ನೀನು ಬೇರೆ ಕಡೆ ಹೋದರೆ ಅಲ್ಲಿ ಹೇಳಿಯಾ, ಬಾವಾಕನಿಗೆ ಕೇಳುವುದಿಲ್ಲ ಅಂತ. ಹಾಗಾಗಿ ಕರೆದದ್ದು ನಿನ್ನನ್ನು. ಪ್ರೀತಿಯಿಂದ ಅಲ್ಲ. ಹೆದರಿಕೆಯಿಂದ. ನಿನ್ನ ಕಿವಿ ನನಗೆ ಬೇಕಿತ್ತು, ನಿನ್ನ ಬಾಯಿ ಮುಚ್ಚಿರಬೇಕಿತ್ತು.

ಅಳಬೇಡ ಅಣ್ಣು. ಅಳುವುದಾದರೆ ನನ್ನ ಕಡೆ ನೋಡಿಕೊಂಡು ಅಳು... ಯಾರನ್ನು ನೋಡ್ತೀ? ಎಂತಕ್ಕೆ ಎದ್ದು ನಿಂತದ್ದು? ನನ್ನ ಹಿಂದೆ ಎಂತ ಉಂಟು? ಬಾಗಿಲಲ್ಲಿ...

ಯಾ ರಬ್ಬೇ.

ರಿಷಭ್... ಧಣಿಗಳೇ... ಎಷ್ಟು ಹೊತ್ತಾಯ್ತು ನೀವು ಬಂದು? ಕಾರಿನ ಸದ್ದು ನನಗೆ... ಅಣ್ಣು, ನಾನು ಮೆಲ್ಲಗೆ ಅಲ್ಲವಾ ಮಾತಾಡಿದ್ದು? ಮೆಲ್ಲಗೆ ಅಲ್ಲವಾ? ಗಂಟಲು ನೋಯ್ತಾ ಉಂಟು ನನಗೆ. ಕೂಗ್ತಾ ಇದ್ದೆನಾ ನಾನು? ಇಷ್ಟು ಹೊತ್ತೂ? ರಸ್ತೆಯ ಜನ ಎಲ್ಲ ಗೇಟಿನ ಒಳಗೆ ಬಂದು ನಿಂತಿದ್ದಾರಲ್ಲ!

ಇಲ್ಲ ಧಣಿಗಳೇ, ಹತ್ತಿರ ಬರಬೇಡಿ. ನನ್ನ ಕೈ ಹಿಡಿಯಬೇಡಿ. ನೀವು ಎಂತ ಹೇಳ್ತಾ ಇದ್ದೀರಿ ಅಂತ ನನಗೆ ಗೊತ್ತಾಗುವುದಿಲ್ಲ, ಕಣ್ಣಲ್ಲಿ ನೀರು ತುಂಬಿದರೆ ತುಟಿಯೂ ಕಾಣುವುದಿಲ್ಲ. ಬಾಕ್ಸು ಯಾವುದು ಅಂತ ಅಣ್ಣುವಿಗೆ ಕೇಳಿ. ಹೇಳಿದರೆ ಅವ ಹೇಳಲಿ, ಇಲ್ಲದಿದ್ದರೆ ಇಲ್ಲ. ನನಗೆ ಒಂದೇ ಗೊತ್ತಾಗ್ಬೇಕು. ಅಣ್ಣು ಕುಡಿದಿರ್ಲಿಲ್ಲ ಅಂತ ನಾನು ಹೇಳಿದ್ದು ನಿಮಗೆಲ್ಲ ಕೇಳಿತಾ? ಅಲ್ಲಿ ಗೇಟಿನ ಹತ್ತಿರ ನಿಂತವರಿಗೂ? ಕೇಳಿದ್ದರೆ ಕೈ ಎತ್ತಿ. ಕೇಳದಿದ್ದರೆ ಹೇಳಿ, ನಾನು ಇನ್ನೊಮ್ಮೆ ಹೇಳ್ತೇನೆ.